ಮಗುವಿನ ಶ್ರುತಿಗೆ ಇಳಿದು ಬರುವ ಟ್ರ್ಯಾಕ್: ಐಪ್ಯಾಡ್‌ನಲ್ಲಿ ಕ್ಯೂಬೇಸಿಸ್ 3

ಏಳನೇ ಕ್ಲಾಸಿನ ಆ ಹುಡುಗಿ ಮೇಲಿನ ಷಡ್ಜ ಮುಟ್ಟುವಾಗ ಕತ್ತಿನ ನರ ಎದ್ದು ಕಾಣುತ್ತಿತ್ತು. ಅವಳ ಧ್ವನಿ ನಾಲ್ಕೂವರೆ ಮನೆಯದ್ದು, ಅಂದರೆ ಹಾರ್ಮೋನಿಯಂನ ನಾಲ್ಕನೇ ಬಿಳಿ ಮನೆಯ ಮೇಲಿನ ಕಪ್ಪು ಮನೆಯೇ ಅವಳ ಸ. ನಮ್ಮ ಹತ್ತಿರ ಇದ್ದ ರೆಡಿಮೇಡ್ ಟ್ರ್ಯಾಕ್, ಅಂದರೆ ಮೊದಲೇ ರೆಕಾರ್ಡ್ ಮಾಡಿಟ್ಟ ಹಿನ್ನೆಲೆ ವಾದ್ಯ, ಆರು ಮನೆಯಲ್ಲಿತ್ತು. ರಾಜ್ಯೋತ್ಸವಕ್ಕೆ ಅವಳು ಅದೇ ಟ್ರ್ಯಾಕಿಗೆ ಹಾಡಿದಳು, ಎಲ್ಲರೂ ಚಪ್ಪಾಳೆ ತಟ್ಟಿದರು. ಕೆಳಗೆ ಇಳಿದು ಬಂದವಳು ನನ್ನ ಪಕ್ಕ ಕೂತು, "ಟೀಚರ್, ಗಂಟಲು ಉರೀತಿದೆ" ಅಂದಳು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಾನು ಸಾಗರದಲ್ಲಿ ಮನೆಯಲ್ಲೇ ಸುಗಮ ಸಂಗೀತ ಹೇಳಿಕೊಡುತ್ತೇನೆ. ಇಪ್ಪತ್ತೆರಡು ವರ್ಷ ಆಯಿತು. ಹಾರ್ಮೋನಿಯಂ ಇಟ್ಟುಕೊಂಡು ಪಾಠ ಮಾಡುವಾಗ ಯಾವ ತೊಂದರೆಯೂ ಇಲ್ಲ. ಮಗುವಿನ ಧ್ವನಿ ಎಲ್ಲಿದೆಯೋ ಅಲ್ಲಿಂದ ಸ ಹಿಡಿದರೆ ಆಯಿತು. ತೊಂದರೆ ಬರೋದು ವೇದಿಕೆ ಹತ್ತಿದಾಗ. ನಮ್ಮ ಜೊತೆ ಕೀಬೋರ್ಡ್ ನುಡಿಸುತ್ತಿದ್ದ ಹುಡುಗ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದ ಮೇಲೆ ಟ್ರ್ಯಾಕೇ ಗತಿಯಾಯಿತು. ಟ್ರ್ಯಾಕಿಗೆ ಮಗುವಿನ ಧ್ವನಿ ಗೊತ್ತಿಲ್ಲ. ಒಂದು ಸ್ಟುಡಿಯೋದಲ್ಲಿ ವಿಚಾರಿಸಿದೆ. ಪ್ರತಿ ಶ್ರುತಿಗೂ ಬೇರೆ ಬೇರೆ ದುಡ್ಡು ಅಂದರು. ಫೋನಿನ ಒಂದು ಆ್ಯಪ್‌ನಲ್ಲಿ ಆಡಿಯೋವನ್ನೇ ಮೂರು ಸೆಮಿಟೋನ್ (ಕಪ್ಪು ಬಿಳಿ ಎಲ್ಲ ಸೇರಿ ಒಂದು ಮನೆಯಿಂದ ಪಕ್ಕದ ಮನೆಗೆ ಒಂದು ಸೆಮಿಟೋನ್) ಇಳಿಸಿ ನೋಡಿದೆ. ಕೊಳಲು ಶೀತ ಆದವರ ಹಾಗೆ ಕೇಳಿಸಿತು, ತಬಲಾದ ಹೊಳಪೇ ಹೋಯಿತು.

ಆಗ ಮಗ ಹೇಳಿದ: "ಅಮ್ಮ, ಆಡಿಯೋ ಬಿಡು. ಮಿಡಿಯಲ್ಲಿ ಮಾಡು."

ಮಿಡಿ ಅಂದರೇನು ಅಂತ ಗೊತ್ತಿಲ್ಲದವರಿಗೆ ನನ್ನ ಮಾತಿನಲ್ಲಿ ಹೇಳುತ್ತೇನೆ. ಮಿಡಿ ಫೈಲಿನ ಒಳಗೆ ನಾದ ಇರೋದಿಲ್ಲ. ಯಾವ ಮನೆ ಒತ್ತಿದರು, ಎಷ್ಟು ಜೋರಾಗಿ ಒತ್ತಿದರು, ಯಾವಾಗ ಬಿಟ್ಟರು, ಇಷ್ಟೇ ಬರೆದಿರುತ್ತದೆ. ನಾವು ಪುಸ್ತಕದಲ್ಲಿ ಸ್ವರಲಿಪಿ ಬರೆದಿಡುತ್ತೇವಲ್ಲ, ಹಾಗೆ. ಅದನ್ನು ಓದಿ ನುಡಿಸೋದು ಆ್ಯಪ್ ಒಳಗಿನ ವಾದ್ಯ. ಬರೆದದ್ದನ್ನು ಅಳಿಸಬಹುದು, ತಿದ್ದಬಹುದು, ಪೂರ್ತಿ ಹಾಡನ್ನು ಎರಡು ಮನೆ ಕೆಳಗೆ ಇಳಿಸಬಹುದು. ಆಮೇಲೂ ಕೊಳಲು ಕೊಳಲಾಗಿಯೇ ಕೇಳಿಸುತ್ತದೆ. ಈ ಪದ್ಧತಿ ಬಂದದ್ದು 1983ರಲ್ಲಿ. ಅಮೆರಿಕದ ಡೇವ್ ಸ್ಮಿತ್, ಜಪಾನಿನ ಇಕುಟಾರೋ ಕಾಕೆಹಾಶಿ ಮುಂದೆ ನಿಂತು, ಬೇರೆ ಬೇರೆ ಕಂಪನಿಗಳ ಕೀಬೋರ್ಡುಗಳು ಒಂದರ ಜೊತೆ ಒಂದು ಮಾತಾಡುವ ಹಾಗೆ ಮಾಡಿದರು. ನಾಲ್ಕು ದಶಕದ ಹಿಂದಿನ ಆ ಭಾಷೆಯನ್ನೇ ನನ್ನ ಐಪ್ಯಾಡ್ ಇವತ್ತೂ ಮಾತಾಡುತ್ತದೆ. ಎಷ್ಟು ದೊಡ್ಡ ಕೆಲಸ ಅಲ್ವಾ?

ನನ್ನ ಹತ್ತಿರ ಇರೋದು ಒಂಬತ್ತನೇ ತಲೆಮಾರಿನ ಐಪ್ಯಾಡ್, 64 ಜಿಬಿಯದ್ದು. ಹಳೆಯದಾಯಿತು. ಆದರೆ ಅದರಲ್ಲಿ ಹೆಡ್‌ಫೋನ್ ಚುಚ್ಚುವ ತೂತು ಇದೆ, ಸಂಗೀತದ ಕೆಲಸಕ್ಕೆ ಅದು ದೊಡ್ಡ ಅನುಕೂಲ. ಬ್ಲೂಟೂತ್ ಇಯರ್‌ಫೋನ್ ಹಾಕಿಕೊಂಡು ನುಡಿಸಲು ಹೋಗಬೇಡಿ. ಬೆರಳು ಒತ್ತಿದ ಮೇಲೆ ಸ್ವರ ತಡವಾಗಿ ಬರುತ್ತದೆ, ಲಯ ಕೆಡುತ್ತದೆ. ವೈರ್ ಇರುವ ಹೆಡ್‌ಫೋನೇ ಬೇಕು.

ಮೊದಲು ಕಲಿತದ್ದು ಆ್ಯಪಲ್‌ನವರ ಸಂಗೀತದ ಆ್ಯಪ್ ಗ್ಯಾರೇಜ್‌ಬ್ಯಾಂಡಿನಲ್ಲಿ. ಅದು ಪುಕ್ಕಟೆ ಸಿಗುತ್ತದೆ, ಚೆನ್ನಾಗಿದೆ. ಹೊಸಬರಿಗೆ ಇವತ್ತೂ ಅದನ್ನೇ ಮೊದಲು ಹೇಳುತ್ತೇನೆ. ಒಂದು ಮಾತು ನೆನಪಿಡಿ: ಅದರಲ್ಲಿ ಹೊಸ ಹಾಡು ತೆರೆದರೆ ಸೆಕ್ಷನ್ ಉದ್ದ 8 ಬಾರ್ (ತಾಳದ ಎಂಟು ಸುತ್ತು) ಅಂತ ಇರುತ್ತದೆ. ಅದನ್ನು 'ಆಟೋಮ್ಯಾಟಿಕ್' ಮಾಡಿಕೊಂಡು ಶುರು ಮಾಡಿ. ಎರಡು ತಿಂಗಳು ನಾನು ಅದರಲ್ಲೇ ಇದ್ದೆ. ಬಿಟ್ಟದ್ದಕ್ಕೆ ಎರಡು ಕಾರಣ. ಅದರಲ್ಲಿ ತಾಳದ ಲೆಕ್ಕ 4/4, 3/4, 6/8 ಅಷ್ಟೇ. ನನ್ನ ಮಕ್ಕಳು ಹಾಡುವ ದೇವರನಾಮಗಳಲ್ಲಿ ಮಿಶ್ರ ಛಾಪು ಜಾಸ್ತಿ, ಏಳು ಎಣಿಕೆ. ಮೂರು, ನಾಲ್ಕು, ಮತ್ತೆ ಮೂರು, ನಾಲ್ಕು ಅಂತ ಹೋಗುವ ಹಾಡನ್ನು ನಾಲ್ಕರ ಗೆರೆಗಳ ಮೇಲೆ ಬರೆಯುವುದು ಬಹಳ ಕಷ್ಟ. ಮೆಟ್ರೋನೋಮಿನ ಜೋರು ಪೆಟ್ಟು ಎಲ್ಲೆಲ್ಲೋ ಬೀಳುತ್ತದೆ. ಇನ್ನೊಂದು ಕಾರಣ, ಮಾಡಿದ ಕೆಲಸವನ್ನು ಅಲ್ಲಿಂದ ಮಿಡಿ ಫೈಲಾಗಿ ಹೊರಗೆ ತೆಗೆಯಲು ಬರುವುದಿಲ್ಲ. ಬೆಂಗಳೂರಿನ ನಮ್ಮ ಹುಡುಗನಿಗೆ ಕಳಿಸಿ "ಇದೊಂಚೂರು ನೋಡಪ್ಪ" ಅನ್ನುವ ಹಾಗೆ ಇರಲಿಲ್ಲ.

ಹಾಗಾಗಿ ಕ್ಯೂಬೇಸಿಸ್ 3 ಅನ್ನುವ ಆ್ಯಪ್ ಕೊಂಡೆ. ಇದು ಸ್ಟೈನ್‌ಬರ್ಗ್ ಅನ್ನುವ ಜರ್ಮನಿಯ ಕಂಪನಿಯದ್ದು. ಊರು ಹ್ಯಾಂಬರ್ಗ್. ಈಗ ಯಮಹಾ ಕೈಯಲ್ಲಿದೆ. ಕಂಪ್ಯೂಟರಿನಲ್ಲಿ ಸಂಗೀತ ಮಾಡುವವರಿಗೆ ಇವರ ಕ್ಯೂಬೇಸ್ ಗೊತ್ತೇ ಇರುತ್ತದೆ, ಅದರ ಟ್ಯಾಬ್ಲೆಟ್ ತಮ್ಮ ಇದು. ಐಪ್ಯಾಡಿಗೆ 2019ರ ಕೊನೆಗೆ ಬಂತು, ಆಂಡ್ರಾಯ್ಡಿಗೆ 2020ರಲ್ಲಿ. ಒಮ್ಮೆ ದುಡ್ಡು ಕೊಟ್ಟರೆ ಮುಗಿಯಿತು, ತಿಂಗಳು ತಿಂಗಳು ಕಟ್ಟಬೇಕಾಗಿಲ್ಲ. ಐಪ್ಯಾಡಿನ ಲಾಜಿಕ್ ಪ್ರೊ ಇದಕ್ಕಿಂತ ದೊಡ್ಡದು ಅನ್ನುತ್ತಾರೆ, ಆದರೆ ಅದು ಚಂದಾ ಲೆಕ್ಕ. ನನ್ನಂಥ ಮನೆಪಾಠದವರಿಗೆ ಒಂದೇ ಸಲದ ಖರ್ಚು ಸುಲಭ. ಬೆಲೆ ಆಗಾಗ ಇಳಿಯುತ್ತದೆ, ಅವಸರ ಇಲ್ಲದಿದ್ದರೆ ಕಾಯಿರಿ. ಒಳಗೆ ಇನ್ನಷ್ಟು ವಾದ್ಯ, ಎಫೆಕ್ಟ್‌ಗಳನ್ನು ಬೇರೆಯಾಗಿ ಮಾರುತ್ತಾರೆ. ನಾನು ಒಂದನ್ನೂ ಕೊಂಡಿಲ್ಲ, ಬೇಕು ಅನ್ನಿಸಿಯೂ ಇಲ್ಲ. ಜೊತೆಗೇ ಬರುವ ಮೈಕ್ರೋಸಾನಿಕ್‌ನಲ್ಲಿ ನೂರಕ್ಕಿಂತ ಹೆಚ್ಚು ವಾದ್ಯದ ದನಿಗಳಿವೆ. ಕೊಳಲು, ಸ್ಟ್ರಿಂಗ್ಸ್, ಗಿಟಾರ್, ಬೇಸ್ ಇದ್ದರೆ ಭಾವಗೀತೆಗೆ ಇನ್ನೇನು ಬೇಕು?

ಕೀಬೋರ್ಡನ್ನು ಐಪ್ಯಾಡಿಗೆ ಜೋಡಿಸುವ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಕೀಬೋರ್ಡಿನ ಹಿಂದೆ ಪ್ರಿಂಟರಿಗೆ ಹಾಕುವಂಥ ಚೌಕದ ಯುಎಸ್‌ಬಿ ತೂತು ಇರುತ್ತದೆ. ಅಲ್ಲಿಂದ ಕೇಬಲ್, ಈ ಕಡೆ ಒಂದು ಅಡಾಪ್ಟರ್. ಮೊದಲು ಅಗ್ಗದ ಅಡಾಪ್ಟರ್ ತಂದೆ. ಹಾಡಿನ ನಡುವೆ ಕನೆಕ್ಷನ್ ತಪ್ಪಿ, ಒತ್ತಿದ ಸ್ವರ ಬಿಡದೆ ಕೂಗುತ್ತಲೇ ಇತ್ತು. ಆಮೇಲೆ ಆ್ಯಪಲ್‌ನವರ ಕ್ಯಾಮೆರಾ ಅಡಾಪ್ಟರ್ ತಂದೆ, ಚಾರ್ಜರ್ ಚುಚ್ಚುವ ಜಾಗವೂ ಇರುವಂಥದ್ದು. ಅಲ್ಲಿಂದ ಇಲ್ಲಿವರೆಗೆ ಒಂದು ದಿನವೂ ತೊಂದರೆ ಆಗಿಲ್ಲ. ಹೊಸ ಐಪ್ಯಾಡುಗಳಲ್ಲಿ ಯುಎಸ್‌ಬಿ ಸಿ ಇರುವುದರಿಂದ ಅವರಿಗೆ ಈ ಕೆಲಸ ಇನ್ನೂ ಸಲೀಸು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ತಿದ್ದುವ ಕೆಲಸ.

ನುಡಿಸಿ ರೆಕಾರ್ಡ್ ಮಾಡಿದ ತುಣುಕಿನ ಮೇಲೆ ಎರಡು ಸಲ ತಟ್ಟಿದರೆ ಕೆಳಗೆ ಕೀ ಎಡಿಟರ್ ತೆರೆಯುತ್ತದೆ. ಎಡಗಡೆ ಅಂಚಿನಲ್ಲಿ ಹಾರ್ಮೋನಿಯಂ ಮನೆಗಳು ನಿಲ್ಲಿಸಿಟ್ಟ ಹಾಗೆ. ಬಲಗಡೆಗೆ ಕಾಲ ಓಡುತ್ತದೆ. ಪ್ರತಿ ಸ್ವರವೂ ಒಂದು ಪಟ್ಟಿ. ಉದ್ದ ಪಟ್ಟಿ ಅಂದರೆ ಉದ್ದ ಸ್ವರ. ಸ್ವರ ತಪ್ಪಿದ್ದರೆ ಬೆರಳಿನಿಂದ ಮೇಲಕ್ಕೋ ಕೆಳಕ್ಕೋ ಎಳೆಯುವುದು, ಕಾಲ ತಪ್ಪಿದ್ದರೆ ಅತ್ತಿತ್ತ ಸರಿಸುವುದು. ಸ್ಟಾಫ್ ನೊಟೇಶನ್ ತೋರಿಸುವ ಪುಟ ಇದರಲ್ಲಿ ಇಲ್ಲ. ಅದನ್ನು ಕಲಿತವರಿಗೆ ಕೊರತೆ ಅನ್ನಿಸಬಹುದು. ಸರಿಗಮದಲ್ಲಿ ಬೆಳೆದ ನನಗೆ ಈ ಪಟ್ಟಿಗಳೇ ಹತ್ತಿರ. ಪರದೆ ಚಿಕ್ಕದಲ್ವಾ, ಪೆನ್ಸಿಲ್ ಬೇಡವಾ ಅಂತ ಕೇಳಿದವರಿದ್ದಾರೆ. ಎರಡು ಬೆರಳಲ್ಲಿ ಹಿಗ್ಗಿಸಿಕೊಂಡರೆ ಬೆರಳೇ ಸಾಕು.

ಕ್ವಾಂಟೈಜ್ ಅಂತ ಒಂದು ಗುಂಡಿ ಇದೆ. ಹಿಂದೆ ಮುಂದೆ ಬಿದ್ದ ಸ್ವರಗಳನ್ನೆಲ್ಲ ತಾಳದ ಗೆರೆಗೆ ತಂದು ಕೂರಿಸುತ್ತದೆ. ಕಲಿಯುವವರಿಗೆ ಇದರಷ್ಟು ಖುಷಿ ಕೊಡುವುದು ಬೇರೆ ಇಲ್ಲ. ನಾನೂ ಮೊದಲ ವಾರ ಪೂರ್ತಿ ಹಾಡಿಗೆ ಒತ್ತಿಬಿಟ್ಟೆ. ಕೇಳಿದರೆ ನನ್ನ ಹಾರ್ಮೋನಿಯಂ ಪಲ್ಲವಿಯಲ್ಲಿ ಏನೋ ಕರ್ಕಶ. ಹಿಗ್ಗಿಸಿ ನೋಡಿದೆ. ಪಂಚಮಕ್ಕೆ ಹೋಗುವ ಮೊದಲು ಒಂದು ಚಿಟಿಕೆ ಮಧ್ಯಮ ಮುಟ್ಟುವುದು ನನ್ನ ಕೈಯ ಅಭ್ಯಾಸ, ಕಣಸ್ವರ. ಆ ಕಣ ತಾಳದ ಗೆರೆಗಿಂತ ಒಂದು ಕೂದಲೆಳೆ ಮೊದಲು ಇತ್ತು. ಕ್ವಾಂಟೈಜ್ ಅದನ್ನೂ ಎಳೆದು ಗೆರೆಗೆ ತಂದಿತ್ತು. ಮಧ್ಯಮ, ಪಂಚಮ ಎರಡೂ ಒಟ್ಟಿಗೆ ನುಡಿಯುತ್ತಿದ್ದವು. ಅಂಥ ಜಾಗ ಎಣಿಸಿದೆ, ಒಂದು ಹಾಡಿನಲ್ಲಿ ಹದಿನೇಳು.

ಆಗ ಉಳಿಸಿದ್ದು ಅನ್‌ಡೂ ಪಟ್ಟಿ. ಕ್ಯೂಬೇಸಿಸ್ 3ರಲ್ಲಿ ನೀವು ಮಾಡಿದ ಒಂದೊಂದು ಕೆಲಸದ ಪಟ್ಟಿಯೂ ಸಿಗುತ್ತದೆ. ಬೇಕಾದ ಸಾಲು ತಟ್ಟಿ ಅಲ್ಲಿಗೆ ವಾಪಸ್ ಹೋಗಬಹುದು. ಈಗ ನಾನು ಮಾಡುವ ಕ್ರಮವೇ ಬೇರೆ. ಬೇಸ್ ಗಿಟಾರ್, ತಾಳವಾದ್ಯ, ಸ್ಟ್ರಿಂಗ್ಸ್ ಇವುಗಳಿಗೆ ಮಾತ್ರ ಕ್ವಾಂಟೈಜ್. ಹಾರ್ಮೋನಿಯಂ, ಕೊಳಲಿನಲ್ಲಿ ನಿಜವಾಗಿ ತಪ್ಪಿದ ಉದ್ದ ಸ್ವರಗಳನ್ನಷ್ಟೇ ಆರಿಸಿ ಸರಿಸುತ್ತೇನೆ. ಕಣಗಳನ್ನು ಮುಟ್ಟುವುದಿಲ್ಲ. ದಾದ್ರಾ ತಾಳದ ಹಾಡಿಗೆ ಟ್ರಿಪ್ಲೆಟ್ ಗೆರೆ (ಒಂದು ಎಣಿಕೆಯನ್ನು ಮೂರಾಗಿ ಒಡೆಯುವುದು) ಬೇಕಾಗಬಹುದು, ಸಾದಾ ಹದಿನಾರರ ಗೆರೆ ಹಾಕಿದರೆ ತೂಗು ಹೋಗಿ ಕವಾಯತು ಆಗುತ್ತದೆ.

ಒತ್ತಡದ ವಿಷಯ ಕೂಡ ಹೀಗೇ. ಅದನ್ನು ವೆಲಾಸಿಟಿ ಅನ್ನುತ್ತಾರೆ, 127ರ ತನಕ ಹೋಗುತ್ತದೆ. ಬೆರಳಲ್ಲಿ ಬರೆದ ಸ್ವರಗಳಿಗೆಲ್ಲ ಒಂದೇ ಒತ್ತಡ ಇದ್ದರೆ ಹಾಡು ಸತ್ತ ಹಾಗಿರುತ್ತದೆ. ನಾನು ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, 100ರ ಹತ್ತಿರ ಇಟ್ಟು, ಉಳಿದವನ್ನು 70, 80ಕ್ಕೆ ಇಳಿಸುತ್ತೇನೆ. ಕೀ ಎಡಿಟರಿನ ಕೆಳಗೆ ಕಡ್ಡಿಗಳ ಹಾಗೆ ಕಾಣುತ್ತವೆ, ಎಳೆದರೆ ಆಯಿತು.

ಇನ್ನು ಮೀಂಡ್. ಕೊಳಲು ಗಾಂಧಾರದಿಂದ ಮಧ್ಯಮಕ್ಕೆ ಜಾರಬೇಕು, ಜಿಗಿಯಬಾರದು. ಇದನ್ನು ಸ್ವರವನ್ನು ಎಳೆದು ಏರಿಳಿಸುವ ಪಿಚ್‌ಬೆಂಡ್‌ನಲ್ಲಿ ಮಾಡುತ್ತೇವೆ. ಮಿಡಿಯಲ್ಲಿ ಪಿಚ್‌ಬೆಂಡಿಗೆ 16384 ಮೆಟ್ಟಿಲು ಇವೆ, ನಡುವಿನ 8192 ಅಂದರೆ ಸ್ವರ ತನ್ನ ಜಾಗದಲ್ಲೇ ಇದೆ ಅಂತ. ಸಾಮಾನ್ಯವಾಗಿ ಪೂರ್ತಿ ಎಳೆದರೆ ಎರಡು ಸೆಮಿಟೋನ್ ಏರುತ್ತದೆ. ಗ ದಿಂದ ಶುದ್ಧ ಮಧ್ಯಮಕ್ಕೆ ಒಂದೇ ಸೆಮಿಟೋನ್. ಹಾಗಾದರೆ ಮೇಲಿನ ಅರ್ಧದ ಅರ್ಧಕ್ಕೆ ಹೋಗಿ ನಿಲ್ಲಬೇಕು. ನಾನು ಗಾಂಧಾರದ ಪಟ್ಟಿಯನ್ನೇ ಉದ್ದ ಮಾಡಿ, ಕೆಳಗೆ ಬೆರಳಲ್ಲಿ ಇಳಿಜಾರು ಬರೆಯುತ್ತೇನೆ. ಮೊದಲು ನಿಧಾನ, ಕೊನೆಗೆ ಸ್ವಲ್ಪ ಬೇಗ. ನೇರ ಗೆರೆ ಎಳೆದರೆ ಸೈರನ್ ಕೂಗಿದ ಹಾಗಾಗುತ್ತದೆ. ಮೂರನೇ ಸಲಕ್ಕೆ ಸರಿಯಾಗಿ ಬಂತು. ಕಣ್ಣು ಮುಚ್ಚಿ ಕೇಳಿದೆ, ಕೊಳಲಿನವರು ಉಸಿರು ತಗ್ಗಿಸಿ ಜಾರಿದ ಹಾಗೇ ಇತ್ತು. ಒಂದು ಎಚ್ಚರಿಕೆ: ಮೀಂಡ್ ಮುಗಿದ ಮೇಲೆ ಬೆಂಡನ್ನು ನಡುವಿಗೆ ವಾಪಸ್ ತರಬೇಕು. ಮರೆತರೆ ಅಲ್ಲಿಂದ ಮುಂದೆ ಕೊಳಲು ಪೂರ್ತಿ ಅಪಸ್ವರ. ಇನ್ನೊಂದು, ಬೆಂಡ್ ಆ ಚಾನೆಲ್ಲಿನ ಎಲ್ಲ ಸ್ವರಕ್ಕೂ ತಗಲುತ್ತದೆ. ಕೊಳಲಿಗೆ ತನ್ನದೇ ಟ್ರ್ಯಾಕ್ (ಆ್ಯಪ್ ಒಳಗೆ ಒಂದೊಂದು ವಾದ್ಯದ ಸಾಲನ್ನೂ ಟ್ರ್ಯಾಕ್ ಅನ್ನುತ್ತಾರೆ) ಇರಲಿ, ಅದರ ಮೇಲೆ ಕಾರ್ಡ್ಸ್, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳನ್ನು, ಹಾಕಬೇಡಿ.

ಟ್ರ್ಯಾಕುಗಳನ್ನು ಅಚ್ಚುಕಟ್ಟಾಗಿ ಇಟ್ಟುಕೊಳ್ಳುವುದನ್ನು ನಾನು ತಡವಾಗಿ ಕಲಿತೆ. ಮೊದಲ ಹಾಡಿನಲ್ಲಿ ಹದಿನಾಲ್ಕು ಟ್ರ್ಯಾಕ್ ಇದ್ದವು, ಒಂದಕ್ಕೂ ಹೆಸರು ಇಟ್ಟಿರಲಿಲ್ಲ. ಎರಡು ವಾರ ಬಿಟ್ಟು ತೆರೆದರೆ ಯಾವುದು ಏನು ಅಂತ ನನಗೇ ತಿಳಿಯಲಿಲ್ಲ. ಈಗ ಟ್ರ್ಯಾಕ್ ತೆರೆದ ಕೂಡಲೇ ಹೆಸರು ಬರೆಯುತ್ತೇನೆ: 'ಕೊಳಲು ಪಲ್ಲವಿ', 'ಸ್ಟ್ರಿಂಗ್ಸ್ ಚರಣ 2'. ದೊಡ್ಡ ಬದಲಾವಣೆ ಮಾಡುವ ಮೊದಲು ಆ ಟ್ರ್ಯಾಕಿನ ಒಂದು ಪ್ರತಿ ಮಾಡಿ ಹಳೆಯದನ್ನು ಮ್ಯೂಟ್ ಮಾಡಿಡುತ್ತೇನೆ. ಐಪ್ಯಾಡ್ ಬಳಲಿ ಕಟ್ ಕಟ್ ಅನ್ನುತ್ತಿದ್ದರೆ ಮುಗಿದ ಟ್ರ್ಯಾಕುಗಳನ್ನು ಫ್ರೀಜ್ ಮಾಡಬಹುದು, ಅಂದರೆ ಆಡಿಯೋ ಮಾಡಿಟ್ಟು ಐಪ್ಯಾಡಿನ ಹೊರೆ ಇಳಿಸಬಹುದು.

ಶ್ರುತಿ ಬದಲಿಸುವುದು ಇಷ್ಟಕ್ಕೆಲ್ಲ ಮೂಲ ಕಾರಣ. ಎಲ್ಲ ತುಣುಕುಗಳನ್ನೂ ಆರಿಸಿ ಟ್ರಾನ್ಸ್‌ಪೋಸ್ (ಎಲ್ಲ ಸ್ವರಗಳನ್ನೂ ಒಂದೇ ಅಳತೆಯಲ್ಲಿ ಏರಿಸುವುದು, ಇಳಿಸುವುದು) ಮಾಡಿದರೆ ಆಯಿತು ಅಂತ ತಿಳಿದಿದ್ದೆ. ಮೊದಲ ಸಲ ಎರಡು ಸೆಮಿಟೋನ್ ಏರಿಸಿದೆ. ದುಂ ಅನ್ನಬೇಕಾದ ಕಡೆಯೆಲ್ಲ ಟಕ್ ಟಕ್. ಡ್ರಮ್ಸ್ ಟ್ರ್ಯಾಕಿನಲ್ಲಿ ಮನೆ ಅಂದರೆ ಸ್ವರ ಅಲ್ಲ, ಒಂದೊಂದು ಮನೆಯಲ್ಲಿ ಒಂದೊಂದು ವಾದ್ಯ. 36ರಲ್ಲಿ ಕಿಕ್, 38ರಲ್ಲಿ ಸ್ನೇರ್. ಎರಡು ಏರಿಸಿದಾಗ ಕಿಕ್ ಹೋಗಿ ಸ್ನೇರ್ ಜಾಗದಲ್ಲಿ ಕೂತಿತ್ತು. ಡ್ರಮ್ಸ್ ಬಿಟ್ಟು ಉಳಿದದ್ದನ್ನು ಮಾತ್ರ ಆರಿಸಿ.

ನಮ್ಮ ಮನೆ ಲೆಕ್ಕಕ್ಕೂ ಸೆಮಿಟೋನ್ ಲೆಕ್ಕಕ್ಕೂ ಒಂದು ವ್ಯತ್ಯಾಸ ಇದೆ, ಜೋಪಾನ. ನಾಲ್ಕೂವರೆಯಿಂದ ಐದೂವರೆಗೆ ಎರಡು ಸೆಮಿಟೋನ್. ಎರಡೂವರೆಯಿಂದ ನಾಲ್ಕಕ್ಕೂ ಎರಡೇ, ಯಾಕೆಂದರೆ ಮೂರು ಮತ್ತು ನಾಲ್ಕರ ನಡುವೆ ಕಪ್ಪು ಮನೆ ಇಲ್ಲ. ಇದನ್ನು ಒಂದು ರಟ್ಟಿನ ಮೇಲೆ ಬರೆದು ಹಾರ್ಮೋನಿಯಂ ಮೇಲಿನ ಗೋಡೆಗೆ ಅಂಟಿಸಿದ್ದೇನೆ. ಮಕ್ಕಳೂ ನೋಡಿ ಕಲಿಯುತ್ತಿದ್ದಾರೆ.

ತಬಲಾವನ್ನು ಮಾತ್ರ ಮಿಡಿಯಲ್ಲಿ ಮಾಡಲು ನನ್ನ ಮನಸ್ಸು ಒಪ್ಪಲಿಲ್ಲ. ಅಣ್ಣನ ಮಗ ನುಡಿಸುತ್ತಾನೆ, ಅದನ್ನು ಮೈಕ್ ಇಟ್ಟು ಆಡಿಯೋ ಟ್ರ್ಯಾಕಾಗಿ ರೆಕಾರ್ಡ್ ಮಾಡುತ್ತೇನೆ. ಎರಡೂ ಒಂದೇ ಪ್ರಾಜೆಕ್ಟಿನಲ್ಲಿ ಇರಬಹುದು. ತಬಲಾವನ್ನು ಯಾವಾಗಲೂ ಕೊನೆಗೆ ಇಟ್ಟುಕೊಳ್ಳಿ. ಹಾಡು ನಿಮಿಷಕ್ಕೆ 96 ಎಣಿಕೆಯ ಬದಲು 88ರ ವೇಗಕ್ಕೆ ಬೇಕು ಅಂದರೆ ಮಿಡಿ ತಾನೇ ನಿಧಾನ ಆಗುತ್ತದೆ, ಸ್ವಲ್ಪವೂ ಕೆಡುವುದಿಲ್ಲ. ಆಡಿಯೋವನ್ನು ಎಳೆದರೆ ಬಾಯಾದ (ತಬಲಾ ಜೋಡಿಯ ಎಡಗೈ ವಾದ್ಯ) ಗುಂಯ್ ಅನ್ನುವ ನಾದ ತೆಳ್ಳಗಾಗುತ್ತದೆ. ಶ್ರುತಿ, ವೇಗ ಎರಡೂ ತೀರ್ಮಾನ ಆದ ಮೇಲೆ ಅವನನ್ನು ಕರೆಯುತ್ತೇನೆ. "ಅತ್ತೆ, ಈ ಸಲವಾದರೂ ಪಕ್ಕಾ ಅಲ್ವಾ?" ಅಂತ ಕೇಳಿಯೇ ತಬಲಾ ಶ್ರುತಿ ಮಾಡುವ ಸುತ್ತಿಗೆ ಕೈಗೆ ತೆಗೆದುಕೊಳ್ಳುತ್ತಾನೆ.

ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋದರೆ ಯಾವಾಗ ಬರುತ್ತದೋ ಹೇಳಲಾಗದು. ಕಂಪ್ಯೂಟರ್ ಆಗಿದ್ದರೆ ಕೆಲಸ ನಿಲ್ಲುತ್ತಿತ್ತು. ಟ್ಯಾಬ್ಲೆಟ್ಟಿನಲ್ಲಿ ಜಗಲಿ ಮೇಲೆ ಕೂತು ಸಂಜೆಯೆಲ್ಲ ತಿದ್ದಿದ್ದೇನೆ. ಮಿಡಿ ಫೈಲ್ ತೂಕವೂ ಏನಿಲ್ಲ, ಒಂದು ಸ್ವರ ಒತ್ತಿದ್ದನ್ನು ಹೇಳಲು ಮೂರು ಬೈಟ್ ಸಾಕು. ಇಡೀ ಹಾಡನ್ನು ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿದರೆ, ನೆಟ್‌ವರ್ಕ್ ಒಂದು ಕಡ್ಡಿ ಇದ್ದರೂ ಹೋಗುತ್ತದೆ. ಬೆಂಗಳೂರಿನ ಹುಡುಗ ರಾತ್ರಿ ತೆರೆದು, ಬೇಸ್ ಲೈನ್ ತಿದ್ದಿ, ಬೆಳಿಗ್ಗೆಯೊಳಗೆ ವಾಪಸ್ ಕಳಿಸುತ್ತಾನೆ. ಅವನು ಊರು ಬಿಟ್ಟು ಹೋದ ಮೇಲೂ ನಾವು ಒಟ್ಟಿಗೆ ಹಾಡು ಕಟ್ಟುತ್ತಿದ್ದೇವೆ, ನನಗೆ ಅದು ದೊಡ್ಡ ಸಂತೋಷ.

ಯಾರು ಕೊಳ್ಳಬೇಕು? ಬರೀ ಕರೋಕೆ ಹಾಕಿ ಹಾಡುವವರಿಗೆ ಬೇಡ. ಮಿಡಿ ಹೇಗಿರುತ್ತದೆ ಅಂತ ಸುಮ್ನೆ ನೋಡಬೇಕು ಅನ್ನುವವರಿಗೆ ಗ್ಯಾರೇಜ್‌ಬ್ಯಾಂಡ್ ಸಾಕು. ಮಕ್ಕಳಿಗೆ, ಭಜನಾ ಮಂಡಳಿಗೆ, ಶಾಲೆಗೆ ಹಾಡು ಕಟ್ಟಿಕೊಡುವವರು, ಐದು ಏಳು ಎಣಿಕೆಯ ತಾಳದಲ್ಲಿ ಓಡಾಡುವವರು ಕ್ಯೂಬೇಸಿಸ್ ಕೊಳ್ಳಿ. ಒಂದು ತಿಂಗಳು ದಿನಾ ಅರ್ಧ ಗಂಟೆ ಕೊಟ್ಟರೆ ಕೈಗೆ ಬರುತ್ತದೆ.

ಆ ಹುಡುಗಿ ಈಗ ಎಂಟನೇ ಕ್ಲಾಸು. ಅದೇ ಹಾಡನ್ನು ನಾಲ್ಕೂವರೆಯಲ್ಲಿ ಹಾಡಿದಾಗ ಮೇಲಿನ ಷಡ್ಜದಲ್ಲಿ ನಿಂತು ನಕ್ಕಳು. ಅವಳ ಜೊತೆ ಒಬ್ಬ ಹುಡುಗ ಬರುತ್ತಾನೆ, ಒಂಬತ್ತನೇ ಕ್ಲಾಸು, ಧ್ವನಿ ಒಡೆಯುತ್ತಿದೆ. ಹೋದ ವರ್ಷ ಆರು ಮನೆಯಲ್ಲಿ ಹಾಡುತ್ತಿದ್ದವನು ಈಗ ಪಾಠಕ್ಕೆ ಬರಲು ನಾಚುತ್ತಿದ್ದ. "ನೀನು ಬಾ, ಟ್ರ್ಯಾಕ್ ಕೆಳಗೆ ಬರುತ್ತೆ" ಅಂತ ಹೇಳಿ ಕರೆಸಿದೆ. ಜೂನ್‌ನಲ್ಲಿ ಐದಕ್ಕೆ ಇಳಿಸಿದೆ, ಆಗಸ್ಟ್‌ನಲ್ಲಿ ನಾಲ್ಕಕ್ಕೆ. ಈ ವಾರ ಇನ್ನೊಂದು ಸೆಮಿಟೋನ್ ಇಳಿಸಿ ಮೂರಕ್ಕೆ ತಂದಿದ್ದೇನೆ. ಪ್ರತಿ ಸಲವೂ ಬೇರೆ ಹೆಸರಿನಲ್ಲಿ ಉಳಿಸಿ ಕೊನೆಗೆ ತಾರೀಖು ಬರೆಯುತ್ತೇನೆ. ನಾಳೆ ಐದು ಗಂಟೆಗೆ ಬರುತ್ತಾನೆ.